ಚೀಟಿಯ ಹಿಂಬದಿ

ನನ್ನ ಹೊಟ್ಟೆಯ ಫೈಲು ತೂಗಿದರೆ ಒಂದು ಕಿಲೋ ಬಂದೀತು. ಇಸಿಜಿ ನಾಲ್ಕು, ಎಕೋ ಒಂದು, ಎಂಡೋಸ್ಕೋಪಿ ಎರಡು. ರಕ್ತ ಪರೀಕ್ಷೆಯ ಕಾಗದಗಳನ್ನು ಎಣಿಸಲು ಹೋಗಿಲ್ಲ. ಎದೆಯ ನಡುವೆ ಉರಿ, ರಾತ್ರಿ ಎರಡಕ್ಕೆ ಎಚ್ಚರ, ಬಟ್ಟಲಿನ ಎದುರು ಕೂತರೆ ಊಟ ಬೇಡವೆನ್ನಿಸುವುದು. ದೂರು ಇಷ್ಟೇ. ಕಾಸರಗೋಡಿನ ಬಡಗು ಭಾಗದ ನಮಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗಲೇ ಆ ದಾರಿ ನಮಗೆ ಎಷ್ಟು ಬೇಕಾದದ್ದೆಂದು ಹೊರಗಿನವರಿಗೆ ತಿಳಿದದ್ದು. ಎರಡು ವರ್ಷದಲ್ಲಿ ಆ ದಾರಿಯಲ್ಲಿ ಹನ್ನೊಂದು ಸಲ ಹೋಗಿ ಬಂದೆ. ಕೊನೆಯ ಸಲ ಡಾಕ್ಟರು ಎಲ್ಲ ಕಾಗದ ತಿರುವಿ ಹಾಕಿ, "ನಿಮಗೆ ಏನೂ ಇಲ್ಲ" ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಏನೂ ಇಲ್ಲದಿರುವುದೇ ಅಲ್ಲವಾ ನನ್ನ ಸೀಕು?

ನಾನು ಮೂವತ್ತೊಂದು ವರ್ಷ ಒಂದೇ ಅಂಚೆ ಕಚೇರಿಯಲ್ಲಿ ಕಾಗದ ಹಂಚಿದವ. ಸೈಕಲ್ಲಿನಲ್ಲಿ ಸ್ವಲ್ಪ, ಕಾಲಲ್ಲಿ ಹೆಚ್ಚು. ನಿವೃತ್ತಿಯಾದ ಮರುವರ್ಷ ಮನೆಯವಳಿಗೆ ಪಾರ್ಶ್ವವಾಯು ಬಡಿಯಿತು. ಹದಿನಾಲ್ಕು ತಿಂಗಳು ಹಾಸಿಗೆ. ತಿಂಗಳಿಗೊಮ್ಮೆ ಪಂಚಾಯತಿನ ಪಾಲಿಯೇಟಿವ್ ಜೀಪು, ಅಂದರೆ ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವವರ ಜೀಪು, ಬರುತ್ತಿತ್ತು. ನರ್ಸು ಬಂದು ಕ್ಯಾತಿಟರ್ ಬದಲಿಸಿ, ಬೆನ್ನಿನ ಹುಣ್ಣು ತೊಳೆದು, ನನ್ನ ಕೈಯಿಂದ ಚಹಾ ಕುಡಿದು ಹೋಗುತ್ತಿದ್ದರು. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಇಣುಕುತ್ತಿದ್ದಳು. ನೆಂಟರು ಬರುತ್ತಿದ್ದರು. ಅವಳು ತೀರಿಕೊಂಡ ಮೇಲೆ ಹದಿಮೂರು ದಿನ ಮನೆ ತುಂಬ ಜನ. ಹದಿನಾಲ್ಕನೆಯ ದಿನ ನಾನು ಮತ್ತು ನಾಯಿ. ರೋಗಿಯನ್ನು ನೋಡಲು ಬರುವವರು ರೋಗಿಯ ಜೊತೆಗೇ ಹೋಗಿಬಿಡುತ್ತಾರೆ, ಅದು ತಪ್ಪೂ ಅಲ್ಲ. ಮಗ ಬೆಂಗಳೂರಿನಲ್ಲಿ, ಭಾನುವಾರ ಫೋನ್ ಮಾಡುತ್ತಾನೆ. "ಊಟ ಆಯ್ತಾ ಅಪ್ಪ?" "ಆಯ್ತು." "ಮದ್ದು ತೆಗೊಂಡ್ರಾ?" "ತೆಗೊಂಡೆ." ಮುಗಿಯಿತು.

ಘಟ್ಟದ ಮೇಲಿನವರಿಗೆ ಇದು ಅರ್ಥವಾಗಲು ನಮ್ಮ ಊರುಗಳು ಹೇಗಿರುತ್ತವೆಂದು ಹೇಳಬೇಕು. ಅಲ್ಲಿಯ ಹಾಗೆ ಕೇರಿ, ಓಣಿ, ಅರಳಿಕಟ್ಟೆ ಎಂದು ಒತ್ತಿಕೊಂಡ ಊರಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ, ಅದರ ಸುತ್ತ ಅಡಿಕೆ ತೋಟ, ಮತ್ತೊಂದು ಗುಡ್ಡ ದಾಟಿದರೆ ಇನ್ನೊಂದು ಮನೆ. ಕೂಗಿದರೆ ಕೇಳುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ತೋಡು ತುಂಬಿದರೆ ಎರಡು ದಿನ ಮನುಷ್ಯರ ಮುಖ ಕಾಣದೆಯೂ ಕಳೆಯಬಹುದು. ಮೊದಲು ಈ ದೂರವನ್ನು ಕೆಲಸ ತುಂಬುತ್ತಿತ್ತು. ಚಾಲಿ ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಒಂದೊಂದು ಮನೆಯ ಚಾವಡಿಯಲ್ಲಿ ಹತ್ತು ಹನ್ನೆರಡು ಜನ ಸಾಲಾಗಿ ಕೂತು ಸುಲಿಯುತ್ತಿದ್ದರು, ಕೈ ಅಡಿಕೆಯಲ್ಲಿ, ಬಾಯಿ ಊರಿನ ಸುದ್ದಿಯಲ್ಲಿ. ಈಗ ಯಂತ್ರ ಬರುತ್ತದೆ, ಅರ್ಧ ದಿನದಲ್ಲಿ ಸುಲಿದು ಹಾಕಿ ಹೋಗುತ್ತದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಬೆರಳು ಉಳಿಯಿತು. ಚಾವಡಿ ಮಾತ್ರ ಖಾಲಿಯಾಯಿತು.

ಮಂಗಳೂರಿನ ಹನ್ನೊಂದನೆಯ ಪ್ರಯಾಣ ಮುಗಿದ ವಾರ ಬಿಪಿಯ ಮಾತ್ರೆಗೆಂದು ನಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋದೆ. 2017ರಲ್ಲಿ ಆರ್ದ್ರಂ ಯೋಜನೆ ಶುರುವಾದ ಮೇಲೆ ಕೇರಳದ ಹಳೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಒಂದೊಂದಾಗಿ ಹೀಗೆ ಹೆಸರು ಬದಲಿಸಿಕೊಂಡವು. ಸಂಜೆಯವರೆಗೂ ಓಪಿ ಇರುತ್ತದೆ. ಅಲ್ಲಿ 'ಆಶ್ವಾಸಂ' ಎಂದು ಮನಸ್ಸಿನ ಕುಗ್ಗುವಿಕೆಗೆ ಒಂದು ಕ್ಲಿನಿಕ್ ನಡೆಯುತ್ತದೆಂದು ಗೋಡೆಯಲ್ಲಿ ಬರೆದದ್ದನ್ನು ಎಷ್ಟೋ ಸಲ ನೋಡಿದ್ದೆ. ಅದು ಬೇರೆ ಯಾರಿಗೋ ಎಂದುಕೊಂಡಿದ್ದೆ.

ಅವತ್ತು ಬಿಪಿ ನೋಡುವ ನರ್ಸು ಹೊಸಬರು, ತೆಂಕಣ ಜಿಲ್ಲೆಯವರು. ನನ್ನ ಮುಖದಲ್ಲಿ ಏನು ಕಂಡರೋ, ಒಂದು ಹಾಳೆ ತೆಗೆದು ಒಂಬತ್ತು ಪ್ರಶ್ನೆ ಕೇಳತೊಡಗಿದರು. ಕಳೆದ ಎರಡು ವಾರದಲ್ಲಿ ಹೀಗೆ ಆಗಿದೆಯಾ, ಆಗಿದ್ದರೆ ಎಷ್ಟು ದಿನ? ಇಲ್ಲವೇ ಇಲ್ಲ ಎಂದರೆ ಸೊನ್ನೆ, ಹೆಚ್ಚುಕಮ್ಮಿ ದಿನವೂ ಎಂದರೆ ಮೂರು. ಒಟ್ಟು ಅಂಕ ಇಪ್ಪತ್ತೇಳು. ಇದಕ್ಕೆ ಪಿಎಚ್‌ಕ್ಯೂ-9 ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಪ್ರಪಂಚದ ಬೇಕಾದಷ್ಟು ಕಡೆ ಇದೇ ಒಂಬತ್ತು ಪ್ರಶ್ನೆಗಳಂತೆ.

ಪ್ರಶ್ನೆಗಳು ಮಲಯಾಳದಲ್ಲಿದ್ದವು. ನನಗೆ ಮಲಯಾಳ ಬರುವುದಿಲ್ಲ ಎಂದಲ್ಲ. ಮೂವತ್ತೊಂದು ವರ್ಷ ಮನಿಯಾರ್ಡರ್ ಹಂಚಿದವನಿಗೆ ತುಳು, ಮಲಯಾಳ, ಬ್ಯಾರಿ, ಕರಾಡಿ ಮರಾಠಿ ಎಲ್ಲ ಬಾಗಿಲವರೆಗೆ ಬರುತ್ತದೆ. ಆದರೆ ಬಾಗಿಲವರೆಗಿನ ಭಾಷೆ ಬೇರೆ, ಮನೆಯೊಳಗಿನ ಭಾಷೆ ಬೇರೆ. "ಯಾವುದರಲ್ಲೂ ತಾಲ್ಪರ್ಯ ಇಲ್ಲದ ಹಾಗೆ ಅನಿಸುತ್ತದಾ?" ಅಂದರು. ಅವರ ತಾಲ್ಪರ್ಯ ಎಂದರೆ ಆಸಕ್ತಿ. ಅದು ನನಗೆ ಗೊತ್ತು. ಆದರೂ ಪ್ರಾಯದ ಕಾಲದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ ನನ್ನ ಕಿವಿಗೆ ಅದು ನಮ್ಮ ತಾತ್ಪರ್ಯವಾಗಿಯೇ ಬಿತ್ತು. ಬದುಕಿಗೇನಾದರೂ ತಾತ್ಪರ್ಯ ಉಂಟಾ ಮಾರಾಯ ಎಂದು ಯಾರೋ ಕೇಳಿದ ಹಾಗೆ. "ವಿಷಮ ಉಂಟಾ?" ಎಂದಾಗಲೂ ಹಾಗೆಯೇ ಆಯಿತು. ಅವರಿಗೆ ಅದು ದುಃಖ, ನಮಗೆ ವಿಷಮ ಎಂದರೆ ಕೈಮೀರಿದ ಸ್ಥಿತಿ. ಇಲ್ಲ ಎನ್ನಲು ಬಾಯಿ ತೆರೆದವನು ಉಂಟು ಎಂದೆ.

ನಿಜವಾಗಿ ನನಗೆ ಇದ್ದದ್ದಕ್ಕೆ ನಮ್ಮ ಕಡೆಯ ಮಾತು 'ಉದಾಸೀನ'. ಪುಸ್ತಕದ ಕನ್ನಡದಲ್ಲಿ ಅದು ಅಲಕ್ಷ್ಯ. ನಮ್ಮಲ್ಲಿ ಉದಾಸೀನ ಆಗುವುದು ಎಂದರೆ ಏಳಲು ಮನಸ್ಸಿಲ್ಲ, ಕೂರಲೂ ಮನಸ್ಸಿಲ್ಲ, ಹಗಲು ಉದ್ದವಾಗುವುದು. ಆ ಹಾಳೆಯ ಒಂಬತ್ತರಲ್ಲಿ ನಾಲ್ಕು ಪ್ರಶ್ನೆಗೆ ಈ ಒಂದೇ ಮಾತು ಉತ್ತರವಾಗುತ್ತಿತ್ತು.

ಒಂಬತ್ತನೆಯ ಪ್ರಶ್ನೆ ಕೇಳುವಾಗ ಅವರು ಪೆನ್ನು ಕೆಳಗಿಟ್ಟರು. ಇರುವುದಕ್ಕಿಂತ ಸಾಯುವುದು ಮೇಲು ಎಂದು ಅನಿಸಿದ್ದುಂಟಾ? ನಾನು ಹೊರಗೆ ನೋಡಿದೆ. ಕಟ್ಟೆಯ ಮೇಲೆ ಒಬ್ಬಳು ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. "ಕೆಲವು ದಿನ" ಅಂದೆ. ಯಾರ ಹತ್ತಿರವೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡದ್ದೂ ಅದೇ ಮೊದಲು.

ಒಟ್ಟು ಹದಿನಾಲ್ಕು ಬಂತು. ನರ್ಸು ನನ್ನನ್ನು ಸಾಲು ತಪ್ಪಿಸಿ ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಳೆಯ ಪ್ರಾಯದ ಹುಡುಗ, ಕಣ್ಣೂರಿನ ಕಡೆಯವರು, ತುಳುವಿನ ನಾಲ್ಕು ಮಾತು ಕಲಿತಿದ್ದರು. ಬಾಗಿಲು ಹಾಕಿ ಹತ್ತು ಹದಿನೈದು ನಿಮಿಷ ಆ ಒಂಬತ್ತನೆಯ ಪ್ರಶ್ನೆಯ ಬಗ್ಗೆಯೇ ಕೇಳಿದರು. ರಾತ್ರಿ ಒಬ್ಬರೇ ಇರುತ್ತೀರಾ, ಫೋನ್ ಮಾಡಬಹುದಾದವರು ಯಾರಿದ್ದಾರೆ, ತೋಟಕ್ಕೆ ಹೊಡೆಯುವ ಮದ್ದು ಇಡುವ ಕೋಣೆಯ ಬೀಗದಕೈ ಯಾರ ಹತ್ತಿರ? ಅದನ್ನು ಕೆಲವು ತಿಂಗಳು ತಮ್ಮನ ಮನೆಯಲ್ಲಿ ಇಡಿ ಅಂದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಮಾತ್ರೆ ಬರೆದರು. ಅದು ಹಿಡಿಯಲು ಎರಡು ಮೂರು ವಾರ ಬೇಕು, ನಡುವೆ ನಿಮ್ಮಷ್ಟಕ್ಕೆ ನಿಲ್ಲಿಸಬಾರದು ಎಂದು ಎರಡು ಸಲ ಹೇಳಿದರು. ಆಮೇಲೆ ಕೇಳಿದರು: "ಮೊದಲು ನಿಮಗೆ ಯಾವುದು ಇಷ್ಟ ಇತ್ತು?"

ಹನ್ನೊಂದು ಪ್ರಯಾಣದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕುಂಬಳೆ ಸೀಮೆಯವನು ಇದಕ್ಕೆ ಏನು ಹೇಳಿಯಾನು? "ತಾಳಮದ್ದಳೆ" ಅಂದೆ. ಅವರಿಗೆ ಯಕ್ಷಗಾನ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ನಾವು ಕೂತಲ್ಲೇ ಪಾತ್ರವಾಗಿ ಮಾತಾಡುತ್ತೇವೆ ಎಂದು ವಿವರಿಸಿದೆ. ಕೂತು ಮಾತಾಡುವುದೇ ಕಲೆಯಾ ಎಂದು ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ಓಪಿ ಚೀಟಿ ತಿರುಗಿಸಿ ಹಿಂಬದಿಯಲ್ಲಿ ಏನೋ ಬರೆದರು. ವಾರಕ್ಕೊಂದು ಸಲ ಅದು, ದಿನಾ ಸಂಜೆ ಹಾಲಿನ ಸೊಸೈಟಿವರೆಗೆ ನಡಿಗೆ, ಒಬ್ಬರೇ ಅಲ್ಲ. ಎಲ್ಲ ಇಂಗ್ಲಿಷಿನಲ್ಲಿ, ತಾಳಮದ್ದಳೆ ಎಂಬ ಒಂದು ಶಬ್ದ ಮಾತ್ರ ಮಲಯಾಳ ಲಿಪಿಯಲ್ಲಿ. ಔಷಧಿ ಕೊಡುವ ಕಿಟಕಿಯಲ್ಲಿ ಆ ಹುಡುಗಿ ಚೀಟಿಯನ್ನು ಹಿಂದೆ ಮುಂದೆ ನೋಡಿ, "ಅಜ್ಜ, ಹಿಂದೆ ಇರುವುದು ನಮ್ಮಲ್ಲಿ ಸ್ಟಾಕಿಲ್ಲ" ಅಂದಳು.

ಮಾತ್ರೆ ನುಂಗಿದೆ. ಹಿಂಬದಿಯ ಮದ್ದು ಮೂರು ವಾರ ಅಂಗಿಯ ಕಿಸೆಯಲ್ಲೇ ಇತ್ತು.

ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಉತ್ತರ ಸುಲಭವಿಲ್ಲ. ನಮ್ಮ ಹಳೆಯ ಸಂಘ ಚದುರಿತ್ತು. ಭಾಗವತರು ಮಗಳ ಮನೆಗೆ ಹೋಗಿದ್ದರು. ವಾಚನಾಲಯದಲ್ಲಿ ಹೊಸಬರು ಕೂಟ ನಡೆಸುತ್ತಾರೆಂದು ಕೇಳಿದ್ದೆ. ಫೋನ್ ಮಾಡಿದರೆ ಆಗುತ್ತಿತ್ತು. ಆದರೆ ಎರಡು ವರ್ಷ ಯಾರಿಗೂ ಫೋನ್ ಮಾಡದವನು ಏನೆಂದು ಶುರು ಮಾಡುವುದು? ಡಾಕ್ಟರು ನನಗೆ ನಿಮ್ಮ ಜೊತೆ ಕೂರಲು ಬರೆದುಕೊಟ್ಟಿದ್ದಾರೆ ಎನ್ನುವುದಾ? ಎರಡು ಸಂಜೆ ಅಂಗಿ ಹಾಕಿ ಗೇಟಿನವರೆಗೆ ಹೋಗಿ ವಾಪಸು ಬಂದೆ. ನಾಯಿ ಎರಡೂ ಸಲ ನನಗಿಂತ ಮೊದಲು ಜಗಲಿ ಸೇರಿತು.

ಆ ಹೊತ್ತಿಗೆ ತಮ್ಮನ ಮಗಳ ಫೋನ್ ಬಂತು. ಇಂಗ್ಲೆಂಡಿನ ಒಂದು ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ನರ್ಸ್ ಅವಳು. ಬೀಗದಕೈ ವಿಷಯ ತಮ್ಮನಿಂದ ಅವಳಿಗೆ ಹೋಗಿತ್ತು. ಚೀಟಿಯ ಹಿಂಬದಿಯನ್ನು ಕ್ಯಾಮೆರಾಕ್ಕೆ ತೋರಿಸಿದೆ. "ದೊಡ್ಡಪ್ಪ, ಇದಕ್ಕೆ ನಮ್ಮಲ್ಲಿ ಸೋಶಿಯಲ್ ಪ್ರಿಸ್ಕ್ರೈಬಿಂಗ್ ಅಂತಾರೆ" ಎಂದಳು. ಲಂಡನ್ನಿನ ಪೂರ್ವ ಭಾಗದ ಬ್ರಾಮ್ಲಿ ಬೈ ಬೋ ಎಂಬ ಬಡವರ ಕೇರಿಯಲ್ಲಿ, ಜನ ಬಾರದೆ ಹಾಳು ಬೀಳುತ್ತಿದ್ದ ಒಂದು ಇಗರ್ಜಿಯಲ್ಲಿ 1984ರಲ್ಲಿ ಸಣ್ಣದಾಗಿ ಶುರುವಾದ ಕೇಂದ್ರವೊಂದು ಇದಕ್ಕೆ ಹಳೆಯ ಮಾದರಿಯಂತೆ. 2019ರ ಜನವರಿಯಲ್ಲಿ ಅಲ್ಲಿಯ ಸರಕಾರಿ ಆರೋಗ್ಯ ವ್ಯವಸ್ಥೆ ಇದನ್ನು ತನ್ನ ದೀರ್ಘಾವಧಿ ಯೋಜನೆಗೆ ಸೇರಿಸಿ, ಇದಕ್ಕೆಂದೇ ಸಾವಿರಕ್ಕೂ ಹೆಚ್ಚು ಜನರನ್ನು ನೇಮಿಸುವುದಾಗಿ ಹೇಳಿತು. ಆ ಕೆಲಸದವರಿಗೆ ಲಿಂಕ್ ವರ್ಕರ್ ಎಂದು ಹೆಸರು.

"ಡಾಕ್ಟರ್ ಬರೆದರೆ ಯಾರೂ ಹೋಗುವುದಿಲ್ಲ ದೊಡ್ಡಪ್ಪ, ಅದು ನಮಗೂ ಗೊತ್ತು. ಲಿಂಕ್ ವರ್ಕರ್ ಫೋನ್ ಮಾಡ್ತಾರೆ, ಕೂತು ಮಾತಾಡ್ತಾರೆ. ಬೇಕಾದರೆ ಮೊದಲ ದಿನ ಜೊತೆಗೆ ಹೋಗ್ತಾರೆ. ನಿಮಗೆ ಏನಾಗಿದೆ ಅಂತ ಕೇಳುವುದಿಲ್ಲ, ನಿಮಗೆ ಯಾವುದು ಮುಖ್ಯ ಅಂತ ಕೇಳ್ತಾರೆ."

ಇದರಿಂದ ಗುಣ ಆಗುತ್ತದಾ ಎಂದು ಕೇಳಿದೆ. ಅವಳು ಪ್ರಾಮಾಣಿಕ ಹುಡುಗಿ. ಕೆಲವರಿಗೆ ಚೆನ್ನಾಗಿ ಆಗುತ್ತದೆ, ಆದರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಪುರಾವೆ ಇನ್ನೂ ಗಟ್ಟಿಯಿಲ್ಲ ಎನ್ನುತ್ತಾರೆ ಎಂದಳು. ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನದ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿದ್ದರು. ಜನರ ಒಡನಾಟ ಇಲ್ಲದಿರುವುದು ದಿನಕ್ಕೆ ಹದಿನೈದರವರೆಗೆ ಸಿಗರೇಟು ಸೇದಿದಷ್ಟೇ ಜೀವಕ್ಕೆ ಕೆಟ್ಟದೆಂದು ಅದರಲ್ಲಿ ಇದೆ. ಬೀಡಿಯನ್ನು ಇಪ್ಪತ್ತು ವರ್ಷದ ಹಿಂದೆಯೇ ಬಿಟ್ಟಿದ್ದೆ ನಾನು. ಇದ್ದರೆ ಬೀಡಿಗೆ ಬೆಂಕಿ ಕೇಳಲಾದರೂ ಒಬ್ಬರ ಹತ್ತಿರ ಹೋಗುತ್ತಿದ್ದೆನೇನೋ.

ನಮ್ಮಲ್ಲಿ ಲಿಂಕ್ ವರ್ಕರ್ ಎಂಬ ಹುದ್ದೆ ಇಲ್ಲ. ಆಶಾ ಕಾರ್ಯಕರ್ತೆ ಇದ್ದಾಳೆ. ಆಶಾ ಎನ್ನುವುದು ಅವಳ ಹೆಸರಲ್ಲ, ಆದರೂ ಇಡೀ ವಾರ್ಡಿನಲ್ಲಿ ಅವಳು ಆಶಾ. ನಾಲ್ಕನೆಯ ವಾರ ಬಿಪಿ ಶುಗರ್ ಲೆಕ್ಕ ಬರೆಯಲು ಬಂದವಳು ಜಗಲಿಯಲ್ಲಿ ಕೂತು, "ಪೋಸ್ಟಣ್ಣ, ಡಾಕ್ಟರ್ ಕೇಳಿದ್ರು, ಹೋದಿರಾ ಅಂತ" ಅಂದಳು. ಇಲ್ಲ ಅಂದೆ. "ಹಾಗಾದರೆ ನಾನು ಬರ್ತೇನೆ. ನಾಡಿದ್ದು ಮೂರು ಗಂಟೆಗೆ."

ಮೊದಲ ಪ್ರಯತ್ನ ಕೆಟ್ಟಿತು, ಅದನ್ನೂ ಹೇಳಬೇಕು. ತಾಳಮದ್ದಳೆ ಆ ವಾರ ಇರಲಿಲ್ಲವೆಂದು ಅವಳು ನನ್ನನ್ನು ಹಿರಿಯರ ಒಂದು ಸಭೆಗೆ ಕರೆದುಕೊಂಡು ಹೋದಳು. ಹಿಂದೆ ಬ್ಯಾನರು, ಮುಂದೆ ಪ್ಲಾಸ್ಟಿಕ್ ಕುರ್ಚಿ. ಆರೋಗ್ಯಕರ ವೃದ್ಧಾಪ್ಯದ ಬಗ್ಗೆ ಒಂದೂವರೆ ಗಂಟೆ ಭಾಷಣ. ನಾವು ನಲವತ್ತು ಮುದುಕರು ಪರಸ್ಪರ ಒಂದು ಮಾತೂ ಆಡದೆ ಒಂಟಿತನ ಎಷ್ಟು ಕೆಟ್ಟದೆಂದು ಕೇಳಿ, ಚಹಾ ಕುಡಿದು, ಫೋಟೋಕ್ಕೆ ನಿಂತು ಬಂದೆವು. ಮರುದಿನ ಹಾಜರಿಯ ಲೆಕ್ಕ ಮೇಲಕ್ಕೆ ಹೋಗಿರಬೇಕು. ದಾರಿಯಲ್ಲಿ ಆಶಾ ನನ್ನ ಮುಖ ನೋಡಿ, "ಇದು ನಿಮಗೆ ಆಗ್ಲಿಕ್ಕಿಲ್ಲ" ಎಂದಳು. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೇ ನನಗೆ ಅವಳ ಮೇಲೆ ನಂಬಿಕೆ ಬಂತು.

ಹೆಂಗಸರಿಗೆ ಕುಟುಂಬಶ್ರೀ ಇದೆ. 1998ರಿಂದ ಹತ್ತಿಪ್ಪತ್ತು ಮನೆಗೊಂದು ಅಯಲ್‌ಕೂಟ, ಅಂದರೆ ನೆರೆಕರೆಯ ಹೆಂಗಸರ ಕೂಟ. ಉಳಿತಾಯಕ್ಕೆ, ಸಾಲಕ್ಕೆ ಎಂದು ಸೇರುತ್ತಾರೆ, ಸೇರಿದ ಮೇಲೆ ಉಳಿದದ್ದೆಲ್ಲ ಮಾತಾಡುತ್ತಾರೆ. ಗಂಡಸರಿಗೆ? ಅಂಗಡಿಯ ಜಗಲಿ, ಇಲ್ಲವೇ ಬಾರು. ಗಂಡಸರು ಎದುರುಬದುರು ಕೂತು ಮಾತಾಡುವುದಿಲ್ಲ, ಅಕ್ಕಪಕ್ಕ ಕೂತು ಕೆಲಸ ಮಾಡುತ್ತ ಮಾತಾಡುತ್ತಾರೆಂದು ಆಸ್ಟ್ರೇಲಿಯಾದಲ್ಲಿ ಕಂಡುಕೊಂಡು, 1990ರ ದಶಕದಲ್ಲಿ 'ಮೆನ್ಸ್ ಶೆಡ್' ಎಂದು ಬಡಗಿ ಕೆಲಸದ ಕೊಟ್ಟಿಗೆಗಳನ್ನು ತೆರೆದರಂತೆ. ತಮ್ಮನ ಮಗಳು ಅದರ ಫೋಟೋ ಕಳಿಸಿದ್ದಳು. ನೋಡಿದರೆ ನಮ್ಮ ಅಡಿಕೆ ಸುಲಿಯುವ ಚಾವಡಿಯೇ. ಅಡಿಕೆಯ ಬದಲು ಹಲಗೆ.

ಆಶಾ ಎರಡನೆಯ ಸಲ ಬಂದಾಗ ಪಾಲಿಯೇಟಿವ್ ನರ್ಸೂ ಜೊತೆಗಿದ್ದರು. ನಮ್ಮ ಮನೆಯವಳ ಹುಣ್ಣು ತೊಳೆದವರು. ಅವರಿಗೆ ಒಂದು ತೊಂದರೆ ಇತ್ತು. ಮಂಗಳವಾರದ ಸುತ್ತಿನಲ್ಲಿ ಒಳಗಿನ ಮನೆಗಳ ಮುದುಕರಿಗೆ ಮಲಯಾಳ ಬರುವುದಿಲ್ಲ. ದಾರಿಯೂ ಗೊತ್ತಾಗುವುದಿಲ್ಲ, ಜೀಪಿನ ಡ್ರೈವರ್ ಹೊಸಬ. "ಒಂದು ತಿಂಗಳು ನಮ್ಮ ಜೊತೆ ಬರ್ತೀರಾ? ಸಂಬಳ ಇಲ್ಲ, ಮಧ್ಯಾಹ್ನ ಗಂಜಿ ಸಿಗ್ತದೆ."

ಇದು ಚೀಟಿಯಲ್ಲಿ ಇರಲಿಲ್ಲ. ಹೋಗಿ ಸಂತೋಷವಾಗಿರಿ ಎಂದರೆ ಹೋಗದವನು, ದಾರಿ ತೋರಿಸಿ ಎಂದರೆ ಎದ್ದು ನಿಂತೆ. ಆ ಊರಿನ ಪ್ರತಿಯೊಂದು ಸಂಕ, ಪ್ರತಿಯೊಂದು ನಾಯಿ ನನಗೆ ಗೊತ್ತು.

ಕೇರಳದ ಪಾಲಿಯೇಟಿವ್ ವ್ಯವಸ್ಥೆಯ ಬಗ್ಗೆ ಹೊರಗಿನವರು ಬರೆದದ್ದನ್ನು ಆಮೇಲೆ ಓದಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ಡಾಕ್ಟರುಗಳು ಕೂಡಿ ಶುರು ಮಾಡಿದ್ದು. ಆಸ್ಪತ್ರೆಯಿಂದ ಆಗುವ ಕೆಲಸವಲ್ಲ, ನೆರೆಕರೆಯ ಜನವೇ ಇಳಿಯಬೇಕು ಎಂದು ಮಲಪ್ಪುರದ ಕಡೆ ಸ್ವಯಂಸೇವಕರ ಜಾಲ ಬೆಳೆಯಿತು, 2008ರಲ್ಲಿ ಸರಕಾರ ಅದನ್ನು ನೀತಿಯಾಗಿ ಮಾಡಿತು. ಅದನ್ನು ನೋಡಲು ದೇಶವಿದೇಶದವರು ಬರುತ್ತಾರೆ. ಡಾಕ್ಟರ ಚೀಟಿ, ಜೊತೆಗೆ ನಡೆಯುವ ಒಬ್ಬರು, ಊರಿನ ಜನ. ಇಂಗ್ಲೆಂಡಿನವರು ಹೊಸ ಹೆಸರಿಟ್ಟದ್ದರ ಮೂರೂ ತುಂಡು ನಮ್ಮಲ್ಲಿ ಬಿಡಿ ಬಿಡಿಯಾಗಿ ಮೊದಲೇ ಬಿದ್ದಿವೆ. ಹೊಲಿದಿಲ್ಲ ಅಷ್ಟೇ.

ಮೊದಲ ಮಂಗಳವಾರ ಎರಡನೆಯ ಮನೆಯಲ್ಲಿ ನಾನು ಸೋತೆ. ಕೋಣೆಯಲ್ಲಿ ಗಾಳಿಹಾಸಿಗೆಯ ಮೋಟರು ಗುಂಯ್ಗುಡುತ್ತಿತ್ತು. ಹದಿನಾಲ್ಕು ತಿಂಗಳು ಹಗಲೂ ರಾತ್ರಿ ಕೇಳಿದ ಅದೇ ಸದ್ದು. ಹೊರಗೆ ಬಂದು ಹಟ್ಟಿಯ ಹತ್ತಿರ ದನದ ಕುತ್ತಿಗೆ ತುರಿಸುತ್ತ ನಿಂತೆ. ನರ್ಸು ಕೆಲಸ ಮುಗಿಸಿ ಬಂದು, ಏನೂ ಕೇಳದೆ, ಬಕೆಟಿನಲ್ಲಿ ನೀರು ತುಂಬಿಸಿ ಕೊಡಿ ಅಂದರು. ತುಂಬಿಸಿ ಕೊಟ್ಟೆ.

ಮೂರನೆಯ ಮಂಗಳವಾರ ಗುಡ್ಡದ ತುದಿಯ ಒಂದು ಮನೆ. ತೊಂಬತ್ತು ದಾಟಿದ ಅಜ್ಜ, ಯಾರ ಗುರುತೂ ಇಲ್ಲ, ನರ್ಸನ್ನು ಕಂಡರೆ ಮುಷ್ಟಿ ಹಿಡಿಯುತ್ತಿದ್ದರಂತೆ. ನಾನು ಬಾಗಿಲಲ್ಲಿ ನಿಂತು ಹಳೆಯ ಅಭ್ಯಾಸದಲ್ಲಿ ಕೆಮ್ಮಿದೆ. ಅಜ್ಜ ತಲೆ ತಿರುಗಿಸಿ, "ಕಾಗಜಿ ಬೈದ್ಂಡಾ?" ಅಂದರು. ಕಾಗದ ಬಂತಾ? ಅವರ ಮಗ ಬೊಂಬಾಯಿಯಲ್ಲಿದ್ದ. ಹೋಟೆಲಿನಿಂದ ತಿಂಗಳು ತಿಂಗಳು ಮನಿಯಾರ್ಡರ್ ಬರುತ್ತಿತ್ತು, ಆಮೇಲೊಂದು ದಿನ ನಿಂತಿತು. ನಿಂತ ಮೇಲೂ ಆರೇಳು ವರ್ಷ ಅವರು ನನ್ನನ್ನು ದಾರಿಯಲ್ಲಿ ತಡೆದು ಇದೇ ಕೇಳುತ್ತಿದ್ದರು, ನಾನು ಒಂದೇ ಉತ್ತರ ಕೊಡುತ್ತಿದ್ದೆ. ಅದನ್ನೇ ಕೊಟ್ಟೆ. "ಇನಿ ಇಜ್ಜಿ, ಎಲ್ಲೆ ತೂಕ." ಇವತ್ತಿಲ್ಲ, ನಾಳೆ ನೋಡುವ. ಅಜ್ಜ ಸಮಾಧಾನದಿಂದ ಹೂಂ ಅಂದು ಕೈ ಸಡಿಲಿಸಿದರು. ನರ್ಸು ಬಿಪಿ ಪಟ್ಟಿ ಸುತ್ತಿದರು.

ಒಂದು ತಿಂಗಳೆಂದು ಹೋದದ್ದು ಈಗ ಒಂದು ವರ್ಷವಾಗುತ್ತ ಬಂತು.

ತಾಳಮದ್ದಳೆಗೂ ಕೊನೆಗೆ ಹೋದೆ, ಆಶಾ ಬಿಟ್ಟುಬಂದಳು. ಗ್ರಂಥಶಾಲೆಗಳ ಜಾಲ ಕೇರಳದಲ್ಲಿ ದೊಡ್ಡದು. 1945ರಲ್ಲಿ ಪಿ. ಎನ್. ಪಣಿಕ್ಕರ್ ಹಚ್ಚಿದ ದೀಪ. ಅವರ ನೆನಪಿಗೆ ಪ್ರತಿ ಜೂನ್ 19 ಇಲ್ಲಿ ವಾಚನ ದಿನ. ನಮ್ಮ ವಾರ್ಡಿನದು ಒಂದು ಕೋಣೆ, ಎರಡು ಕಪಾಟು, ಮೂರು ಪತ್ರಿಕೆ. ಮೊದಲ ಸಂಜೆ ಕೇಳುವವರು ನಾಲ್ಕು ಜನ, ಅವರಲ್ಲಿ ಇಬ್ಬರು ನಿದ್ರೆ. ನನಗೆ ಶಲ್ಯನ ಪಾತ್ರ ಕೊಟ್ಟರು. ತಿಂಗಳುಗಟ್ಟಲೆ ಗಟ್ಟಿಯಾಗಿ ಮಾತೇ ಆಡದ ಗಂಟಲು, ಎರಡನೆಯ ವಾಕ್ಯಕ್ಕೆ ಒಡೆಯಿತು. ಕರ್ಣನಾಗಿದ್ದ ಹುಡುಗ, ಪಿಯುಸಿ ಓದುವವನು, ಪಾತ್ರ ಬಿಡದೆ, "ಮಾವ, ನೀರು ಕುಡಿದು ಬಯ್ಯಿ" ಅಂದ. ನಿದ್ರೆಯಲ್ಲಿದ್ದ ಇಬ್ಬರೂ ಎಚ್ಚರವಾಗಿ ನಕ್ಕರು. ಆ ರಾತ್ರಿ ಎರಡಕ್ಕೆ ಎಚ್ಚರವಾಯಿತು, ಹೌದು. ಆದರೆ ಎದ್ದು ಕೂತು ಶಲ್ಯ ಹೇಳಬೇಕಿದ್ದ ಮಾತುಗಳನ್ನು ಹೊಂದಿಸುತ್ತಿದ್ದೆ. ಉರಿಯ ನೆನಪು ಬಂದದ್ದು ಬೆಳಿಗ್ಗೆ.

ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ. ಮಂಗಳವಾರದ ಸುತ್ತಿನಲ್ಲಿ ಒಂದು ಮನೆಯುಂಟು, ಗೇರು ತೋಟದ ಅಂಚಿನಲ್ಲಿ. ಎಂಡೋಸಲ್ಫಾನಿನ ಮನೆ. ಎರಡು ದಶಕಕ್ಕೂ ಮೀರಿ, 2000ದವರೆಗೆ, ಹೆಲಿಕಾಪ್ಟರಿನಿಂದ ಗೇರು ತೋಟಗಳಿಗೆ ಆ ಕೀಟನಾಶಕವನ್ನು ಬಿಡುತ್ತಿದ್ದರು. ನಮ್ಮಲ್ಲಿ ಅದಕ್ಕೂ ಮದ್ದು ಎಂದೇ ಹೆಸರು. ನಾನು ಚೀಲ ತಲೆಯ ಮೇಲಿಟ್ಟುಕೊಂಡು ಓಡಿದ್ದೇನೆ ಅದರ ಕೆಳಗೆ. ಆ ಮನೆಯ ಮಗನಿಗೆ ಇಪ್ಪತ್ತಾರು ವರ್ಷ, ಎದ್ದು ಕೂರಲಾರ. ತಾಯಿಗೆ ಬೆನ್ನುನೋವು, ನಿದ್ರೆಯಿಲ್ಲ, ಆ ಒಂಬತ್ತು ಪ್ರಶ್ನೆಗೆ ನನಗಿಂತ ಹೆಚ್ಚು ಅಂಕ. ಆಶಾ ಅವಳಿಗೂ ಅಯಲ್‌ಕೂಟಕ್ಕೆ ಬಾ, ಹೊಲಿಗೆಗೆ ಬಾ ಎಂದಳು. "ನಾನು ಬಂದರೆ ಇವನ ಹತ್ತಿರ ಯಾರು ಕೂರುದು? ನೀವು ಕೂರ್ತೀರಾ?" ಅಂದಳು ಆಕೆ. ವಿಶೇಷ ಮಕ್ಕಳಿಗೆ ಬಡ್ಸ್ ಕೇಂದ್ರಗಳಿವೆ, ಒಳ್ಳೆಯ ಕೆಲಸ ಮಾಡುತ್ತವೆ, ಆದರೆ ಆ ಗುಡ್ಡಕ್ಕೆ ವ್ಯಾನು ಹತ್ತುವುದಿಲ್ಲ. ನಾವು ಇಬ್ಬರು ಸ್ವಯಂಸೇವಕರು ಗುರುವಾರ ಎರಡು ಗಂಟೆ ಹೋಗಿ ಕೂರುತ್ತೇವೆ. ಅವಳು ಹೊಲಿಗೆಗೆ ಹೋಗುವುದಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ನಾನು ಅವನಿಗೆ ಶಲ್ಯನ ಮಾತು ಹೇಳುತ್ತೇನೆ. ಕೇಳುತ್ತಾನೋ ಗೊತ್ತಿಲ್ಲ, ಕಣ್ಣು ನನ್ನ ಬಾಯಿಯ ಮೇಲೆಯೇ ಇರುತ್ತದೆ. ನಾಲ್ಕು ಗಂಟೆಯ ಬಸ್ಸು ನಿಂತು ಎರಡು ವರ್ಷವಾಯಿತು. ಆ ಹೆಂಗಸಿಗೆ ಮೊದಲು ಬೇಕಾದದ್ದು ಕೂರುವ ಮನುಷ್ಯ, ಆಮೇಲೆ ಬಸ್ಸು. ಚಿತ್ರಕಲೆ, ಹೊಲಿಗೆ, ಯೋಗ ಎಲ್ಲ ಅದರ ನಂತರದ ಮಾತು.

ಡಾಕ್ಟರಿಗೆ ವರ್ಗವಾಯಿತು. ಹೊಸಬರು ಒಳ್ಳೆಯವರೇ, ಆದರೆ ಓಪಿಯಲ್ಲಿ ಜನ ಹೆಚ್ಚು, ಚೀಟಿ ತಿರುಗಿಸಿ ಬರೆಯುವಷ್ಟು ಪುರುಸೊತ್ತಿಲ್ಲ. ಹಿಂದಿನವರು ಯಾರಿಗೆ ಏನು ಬರೆದಿದ್ದರೆಂದು ಎಲ್ಲೂ ದಾಖಲೆಯೂ ಇಲ್ಲ. ಆಶಾ ತಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಕೊಡುವುದು ಗೌರವಧನ, ಅದಕ್ಕೆ ಇದೂ ಒಂದು ಸೇರಿದೆ, ಲೆಕ್ಕಕ್ಕಿಲ್ಲದೆ.

ನನ್ನ ಅಂಕ ಮೂರು ತಿಂಗಳಿಗೆ ಒಂಬತ್ತಾಯಿತು, ಈಗ ಆರು. ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಮಾತ್ರೆಯನ್ನು ಡಾಕ್ಟರು ಕಮ್ಮಿ ಮಾಡುತ್ತಿದ್ದಾರೆ. ಯಾವುದು ಮಾತ್ರೆಯ ಕೆಲಸ, ಯಾವುದು ಜೀಪಿನದು, ಯಾವುದು ಸುಮ್ಮನೆ ಕಾಲದ್ದು ಎಂದು ಬಿಡಿಸಿ ಹೇಳಲು ನನಗೆ ಬಾರದು. ಎದೆಯುರಿ ಇದೆ. ಹಲಸಿನಕಾಯಿ ಹಪ್ಪಳ ತಿಂದ ದಿನ ಖಂಡಿತ ಇದೆ. ಬೀಗದಕೈ ಇನ್ನೂ ತಮ್ಮನ ಮನೆಯಲ್ಲೇ.

ಕಳೆದ ತಿಂಗಳಿಂದ ಆಶಾ ನನಗೆ ಇನ್ನೊಂದು ಕೆಲಸ ಹಚ್ಚಿದ್ದಾಳೆ. ತೋಡಿನ ಆಚೆ ಒಬ್ಬರಿದ್ದಾರೆ, ನನಗಿಂತ ಎರಡು ವರ್ಷ ದೊಡ್ಡವರು. ಹೆಂಡತಿ ಹೋಗಿ ಏಳು ತಿಂಗಳು. ಪ್ರಾಯದಲ್ಲಿ ಒಳ್ಳೆಯ ಮದ್ದಳೆಗಾರ. ಮಂಗಳೂರಿನ ಪ್ರಯಾಣ ಶುರುವಾಗಿದೆ, ಫೈಲು ಇನ್ನೂ ತೆಳ್ಳಗಿದೆ. ಎರಡು ಶನಿವಾರ ಹೋಗಿ ಕರೆದೆ. ಮೊದಲ ಸಲ ಮೊಣಗಂಟು ನೋವು. ಎರಡನೆಯ ಸಲ ಒಳಗಿಂದಲೇ ಹೇಳಿದರು, "ಇನಿ ಆವಂದ್, ಎಲ್ಲೆ ತೂಕ."

ಈ ಶನಿವಾರ ಕರೆಯಲಿಲ್ಲ. ಅವರ ಜಗಲಿಯಲ್ಲಿ ಹೋಗಿ ಕೂತೆ. ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆದು, ಮದ್ದಳೆಯ ಬಾರು ಸಡಿಲಾಗಿದೆ, ಅದನ್ನು ಬಿಗಿಯಲು ಯಾರಿಗೆ ಬರುತ್ತದೆ ಈಗ ಎಂದು ಕೇಳಿದರು. ಗೊತ್ತಿಲ್ಲ, ತನ್ನಿ ನೋಡುವ ಎಂದೆ. ಅಟ್ಟದಿಂದ ಇಳಿಸಲು ಏಣಿ ಹಿಡಿಯಲು ಒಬ್ಬರು ಬೇಕಿತ್ತು.